ಹೊಲ ಕಾಣದ ಮಾಲಕ

ಸುಟ್ಟ ಕಬ್ಬಿನ ಗಾಡಿ ಕಾರ್ಖಾನೆಯ ಗೇಟು ದಾಟಿತೆಂದರೆ ಪ್ರಯೋಗಾಲಯದಲ್ಲಿ ಕೂತ ನನಗೆ ನೋಡದೆಯೇ ಗೊತ್ತಾಗುತ್ತದೆ. ಬೆಲ್ಲ ತಳ ಹತ್ತಿದಂಥ ಕಮರು ವಾಸನೆ. ಎದ್ದು ಕಿಟಕಿ ಮುಚ್ಚುತ್ತೇನೆ. "ಮೇಡಂ, ಸೆಕಿ ಆಗಾಕತ್ತದ್ರಿ" ಎಂದು ಜೊತೆಯವರು ಗೊಣಗುತ್ತಾರೆ. ಧೂಳಿನ ನೆಪ ಹೇಳುತ್ತೇನೆ. ನಿಜವಾದ ಕಾರಣವನ್ನು ಈವರೆಗೆ ಅವರಿಗೆ ಹೇಳಿಲ್ಲ.

ಆ ಕಾರಣದ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಬೆಂಕಿಯಿಂದಲ್ಲ. ಬೆಂಕಿಯಿಂದ ಪಾರಾಗಿ, ಸಮುದ್ರ ದಾಟಿ ಹೋಗಿ, ಅಲ್ಲಿ ಎರಡು ಮಳೆಗಾಲ ಬದುಕಿ, ಒಂದು ಬೆಳಗ್ಗೆ ಏಳಲಿಲ್ಲ. ಸುದ್ದಿ ತಿಳಿದಂದಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂರುತ್ತೇನೆ. ಕೂತಾಗಲೆಲ್ಲ ಒಂದು ಸಂಜೆಯ ಹದಿನೈದು ನಿಮಿಷ ಬಂದು ಮುಂದೆ ನಿಲ್ಲುತ್ತದೆ, ಹಿಂದಿನದೇನೂ ಕಾಣದಂತೆ. ಈ ಸಲ ಅದನ್ನು ಸ್ವಲ್ಪ ತಡೆದು, ಮೊದಲು ಮನುಷ್ಯನನ್ನು ಹೇಳುತ್ತೇನೆ.

ಅವರು ಡಚ್ಚರು. ಹುಮನಾಬಾದಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಎಷ್ಟು ಎತ್ತರವೆಂದರೆ, ಬಾಗಿಲ ಚೌಕಟ್ಟಿಗೆ ದಿನಕ್ಕೊಮ್ಮೆಯಾದರೂ ಹಣೆ ಬಡಿಯುವುದನ್ನು ನೋಡಲಾರದೆ ನನ್ನ ಯಜಮಾನರು ಅಲ್ಲಿ ಹಳೆಯ ಕೌದಿಯ ತುಂಡೊಂದನ್ನು ಸುತ್ತಿ ಕಟ್ಟಿದ್ದರು. ಸಕ್ಕರೆಯ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ತಿರುಗುಯಂತ್ರಗಳ ಇಂಜಿನಿಯರು. ಮೊದಲ ಸಲ ಯಂತ್ರ ಕೂಡಿಸಲು ಕಂಪನಿಯ ಕಡೆಯಿಂದ ಬಂದರು. ನಿವೃತ್ತರಾದ ಮೇಲೆ ತಮ್ಮ ಖರ್ಚಿನಲ್ಲೇ ಪ್ರತಿ ಚಳಿಗಾಲ ಬರತೊಡಗಿದರು. ಅವರ ದೇಶದಲ್ಲಿ ಸಕ್ಕರೆಯನ್ನು ಬೀಟ್‌ಗೆಡ್ಡೆಯಿಂದ ತೆಗೆಯುತ್ತಾರೆ. ಜೀವಮಾನವೆಲ್ಲ ಸಕ್ಕರೆಯಲ್ಲೇ ಕಳೆದವರು ಕಬ್ಬಿನ ಹೊಲವನ್ನು ಕಣ್ಣಾರೆ ಕಂಡದ್ದು ಬಸವಕಲ್ಯಾಣದ ದಾರಿಯಲ್ಲೇ ಮೊದಲಂತೆ.

ಕಾರ್ಖಾನೆಯವರೂ ಹಳ್ಳಿಯವರೂ ಅವರನ್ನು ಕರೆದದ್ದು ಗೋರಾ ಮುತ್ಯಾ, ಅಂದರೆ ಬಿಳಿ ಅಜ್ಜ, ಎಂದು.

ಮುತ್ಯಾನ ಕಿವಿ ಮಂದ. ಯಂತ್ರಗಳ ನಡುವೆ ಬಾಳಿದವರಿಗೆ ಅದು ತಪ್ಪದ ಬಳುವಳಿ. ಆದ್ದರಿಂದ ಯಂತ್ರದ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ನಿಮಿಷ ಬಿಟ್ಟು, "ಜ್ವರ ಅದ್ರಿ ಇದಕ್ಕ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಬೇರಿಂಗ್ ಹೋಗಿರುತ್ತಿತ್ತು. ಫಿಟ್ಟರುಗಳು ಅವರ ಬೆನ್ನ ಹಿಂದೆ ಒಬ್ಬರ ಹಣೆಯ ಮೇಲೆ ಒಬ್ಬರು ಕೈಯಿಟ್ಟು ಅಣಕಿಸುವುದನ್ನು ಒಮ್ಮೆ ಅವರೇ ಕಂಡರು. ನೇರ ಹೋಗಿ ತಾವೂ ತಲೆ ಬಗ್ಗಿಸಿ, "ನನಗೂ ನೋಡ್ರಿ" ಎಂದರು.

ಕನ್ನಡ ಕಲಿತದ್ದು ಆ ಫಿಟ್ಟರುಗಳಿಂದಲೇ. ಎಲ್ಲದಕ್ಕೂ 'ರಿ' ಸೇರಿಸಿದರೆ ಮರ್ಯಾದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಅದನ್ನು ಅವರು ಮನುಷ್ಯರಿಗೆ ಮಾತ್ರ ಎಂದು ತಿಳಿಯಲಿಲ್ಲ. ನಮ್ಮ ಓಣಿಯಲ್ಲಿ ಅಡ್ಡ ಮಲಗಿದ ಎಮ್ಮೆಗೆ ಟೊಪ್ಪಿಗೆ ತೆಗೆದು, "ಜರಾ ಸರೀರಿ" ಎನ್ನುತ್ತಿದ್ದರು. ಎಮ್ಮೆ ಸರಿಯುತ್ತಿರಲಿಲ್ಲ. ಅವರು ಸುತ್ತು ಹಾಕಿ ಹೋಗುತ್ತಿದ್ದರು. ಚಹಾ ಕುಡಿಯುತ್ತಿದ್ದುದು ಸಕ್ಕರೆ ಇಲ್ಲದೆ. "ಸಕ್ಕರಿ ಫ್ಯಾಕ್ಟರ್ಯಾಗ ನಿಂತು ಸಪ್ಪನ್ನ ಚಾ ಕೇಳ್ತೀರಿ, ಮಾಲಕರು ಕೇಳಿದ್ರ ನನ್ನ ಕೆಲಸ ಹೋಗ್ತದ" ಎಂದು ಕ್ಯಾಂಟೀನಿನವನು ರೇಗಿಸುತ್ತಿದ್ದ. ಅದರ ಹಿಂದೆ ದೊಡ್ಡ ತತ್ವವೇನಾದರೂ ಇರಬೇಕೆಂದು ನಾನು ಕೇಳಿದೆ. "ಡಾಕ್ಟರ್ ಬ್ಯಾಡ ಅಂದಾರ್ರಿ" ಎಂದರು.

ನಮ್ಮ ತವರು ಬಸವಕಲ್ಯಾಣದ ಹತ್ತಿರದ ಮೋರಖಂಡಿ. ಅಲ್ಲಿ ನಮ್ಮ ಚಿಕ್ಕಪ್ಪನ ಮಗ ಸಿದ್ರಾಮ ಕಬ್ಬು ಹಾಕುತ್ತಾನೆ. ನಮ್ಮಿಬ್ಬರ ಅಜ್ಜಿ, ಅಂದರೆ ನಾವು ಆಯಿ ಎನ್ನುವವಳು, ಈಗಲೂ ಬೆಳಗಾದರೆ ಹೊಲದ ಗುಡಿಸಲಿನಲ್ಲೇ ಇರುತ್ತಾಳೆ. ಮುತ್ಯಾನನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಅವರು ಬದುವಿನ ಮೇಲೆ ನಿಂತುಬಿಟ್ಟರು. ಟೊಪ್ಪಿಗೆ ತೆಗೆದು ಕೂಗಿದರು:

"ಮಾಲಕರು ಯಾರದೀರಿ? ಒಳಗ ಬರಲೇನ್ರಿ?"

ಕಬ್ಬಿನ ನಡುವಿನಿಂದ ಸಿದ್ರಾಮ ತಲೆ ಹೊರಹಾಕಿ ನಕ್ಕ. "ಇದೇನು ತಹಸೀಲ್ದಾರ್ ಆಫೀಸೇನ್ರಿ? ಬರ್ರಿ, ಬರ್ರಿ."

ಒಂದು ಸಲದ ಮರ್ಯಾದೆ ಎಂದುಕೊಂಡೆವು. ಅಲ್ಲ. ಯಾವ ಹೊಲವಾದರೂ ಸರಿ, ನೂರು ಸಲ ಹೋದರೂ ಸರಿ, ಬದುವಿನ ಮೇಲೆ ನಿಂತು ಕೇಳಲೇಬೇಕು. ಒಳಗಿನಿಂದ ಒಪ್ಪಿಗೆ ಬರಲೇಬೇಕು. ಕಬ್ಬು ಕಡಿಯುವ ಟೋಳಿಯ ಹೆಂಗಸರು ದೂರದಿಂದ ಅವರ ಟೊಪ್ಪಿಗೆ ಕಂಡರೆ, "ಮುತ್ಯಾ ಬಂದಾನ, ಯಾರರೆ ಪರ್ಮಿಶನ್ ಕೊಡ್ರೆವ್ವಾ, ಬಿಸಿಲಾಗ ನಿಂತಾನ!" ಎಂದು ಕೂಗಿ ನಗುತ್ತಿದ್ದರು.

ಆಯಿ ಅವರಿಗೆ ಇನ್ನೊಂದು ಕಟ್ಟಳೆ ಸೇರಿಸಿದಳು. ಅವಳಿಗಿಂತ ಹದಿನೈದು ವರ್ಷವಾದರೂ ಚಿಕ್ಕವರಾದ್ದರಿಂದ ಅವಳು ಅವರನ್ನು ತಮ್ಮಾ ಎಂದೇ ಕರೆದಳು. "ತಮ್ಮಾ, ನಿಂತ ಬೆಳಿಯಾಗ ಕಾಲ್ಮರಿ ಹಾಕ್ಕೊಂಡು ಹೋಗಬಾರದಪ್ಪಾ."

"ಆಯಿ, ನಾನಽ ಚಪ್ಪಲ್ ಹಾಕ್ಕೊಂಡು ಹೋಗ್ತೀನಿ" ಎಂದ ಸಿದ್ರಾಮ.

"ನೀ ಹೋಗ್ತಿ. ನಿನಗ ಯಾರು ಕೇಳಾಕತ್ತಾರ?"

ಅಂದಿನಿಂದ ಮುತ್ಯಾ ಬೂಟು ಬಿಚ್ಚಿ ಬದುವಿನ ಮೇಲೆ ಜೋಡಿಸಿ, ಕಾಲುಚೀಲ ಸುತ್ತಿ ಒಳಗಿಟ್ಟು, ಬರಿಗಾಲಲ್ಲಿ ಕಬ್ಬಿನೊಳಗೆ ಹೋಗುತ್ತಿದ್ದರು. ಬೂಟು ಬದುವಿನ ಮೇಲಿದ್ದರೆ ಮುತ್ಯಾ ಒಳಗಿದ್ದಾನೆ ಎಂದು ಇಡೀ ಹೊಲಕ್ಕೆ ಗೊತ್ತಾಗುತ್ತಿತ್ತು. ಒಳಗೆ ಹೋಗಿ ಅವರು ಮಾಡುತ್ತಿದ್ದುದೇನೂ ಇಲ್ಲ. ಸಾಲುಗಳ ನಡುವೆ, ನಟ್ಟನಡುವೆ, ಸುಮ್ಮನೆ ಕೂರುತ್ತಿದ್ದರು. ಯಾಕೆ ಎಂದು ಕೇಳಿದರೆ, ಹೊರಗಿನಿಂದ ನೋಡಿದ್ದು ಸಾಕಾಗಿದೆ ಎನ್ನುತ್ತಿದ್ದರು.

ಆ ಮಾತು ನನಗೆ ಅರ್ಥವಾದದ್ದು ಎಳ್ಳಮಾವಾಸ್ಯೆಯ ದಿನ. ನಮ್ಮ ಸೀಮೆಯಲ್ಲಿ ಆ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಭಜ್ಜಿ, ರೊಟ್ಟಿ, ಕಡುಬು, ಅಂಬಲಿ ಹೊತ್ತು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಬೇವಿನ ಮರದ ಕೆಳಗೆ ಉಂಡು ಕೂತಿದ್ದಾಗ ಮುತ್ಯಾ ಫೋನಿನಲ್ಲಿ ಒಂದು ಚಿತ್ರ ತೆಗೆದು ಆಯಿಯ ಕೈಗೆ ಕೊಟ್ಟರು. ಬಣ್ಣದ ಹಳೆಯ ಪಟದ ಫೋಟೋ. ಅಗಲವಾದ ನದಿ, ದಡದ ಮೇಲೆ ಬಿಳಿ ಬಂಗಲೆ, ಹಿಂದೆ ಹಸಿರಾಗಿ ಹಬ್ಬಿದ ಕಬ್ಬು, ಕಬ್ಬಿನ ಅಂಚಿನಲ್ಲಿ ಇರುವೆಯಷ್ಟು ಸಣ್ಣ ಕಪ್ಪು ಮನುಷ್ಯರು.

"ಯಾರ ಹೊಲ ಇದು?" ಎಂದಳು ಆಯಿ.

"ನಂದೇ ರಿ" ಎಂದರು. ಹಾಗೆನ್ನುವಾಗ ಅವರ ಮುಖ ಕೆಂಪಾಗಿತ್ತು.

ನಾವು ನಕ್ಕೆವು. ಎರಡು ಅಂಗಿಯ ಮೇಲೆ ಚಳಿಗಾಲ ಕಳೆಯುವ ಮನುಷ್ಯ, ಹೊಲದ ಮಾಲಕ! ಅವರು ನಗಲಿಲ್ಲ. ಸ್ವಲ್ಪ ಕನ್ನಡ, ಉಳಿದದ್ದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಆಯಿಗೆ ತಿಳಿಸುತ್ತ ಹೋದೆ. ದಕ್ಷಿಣ ಅಮೆರಿಕದ ಉತ್ತರದ ಅಂಚಿನಲ್ಲಿ ಸುರಿನಾಮ್ ಎಂಬ ದೇಶ. ಒಂದು ಕಾಲಕ್ಕೆ ಡಚ್ಚರ ವಸಾಹತು. ಅಲ್ಲಿ ಅವರ ಮನೆತನಕ್ಕೆ ತಲೆಮಾರುಗಳಿಂದ ಒಂದು ಕಬ್ಬಿನ ಎಸ್ಟೇಟು. ಮೊದಲು ಆಫ್ರಿಕಾದಿಂದ ಕೊಂಡು ತಂದ ಗುಲಾಮರು ದುಡಿದರು. ಗುಲಾಮಗಿರಿ ಹೋದ ಮೇಲೆ ನಮ್ಮ ದೇಶದ ಉತ್ತರದ ಕಡೆಯಿಂದ ಕರಾರಿನ ಮೇಲೆ ಹಡಗು ಹತ್ತಿಸಿದ ಕೂಲಿಗಳು. ಮುತ್ಯಾನ ಮುತ್ತಜ್ಜ, ಅಜ್ಜ, ಅಪ್ಪ, ಯಾರೂ ಒಮ್ಮೆಯೂ ಅಲ್ಲಿಗೆ ಹೋದವರಲ್ಲ. ಮ್ಯಾನೇಜರನಿಗೆ ಪತ್ರ ಬರೆಯುತ್ತಿದ್ದರು. ಈ ಪಟವನ್ನು ಬರೆದ ಚಿತ್ರಕಾರನೂ ಅಲ್ಲಿಗೆ ಹೋಗಿರಲಿಲ್ಲವಂತೆ. ಊಟದ ಮನೆಯ ಗೋಡೆಯ ಮೇಲೆ ಅದನ್ನು ನೋಡುತ್ತ ಇವರು ಬೆಳೆದರು.

ಆಯಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಆ ಇರುವೆಗಳ ಮೇಲೆ ಬೆರಳಿಟ್ಟಳು. "ಇವರ ಹೆಸರೇನು?"

"ಗೊತ್ತಿಲ್ರಿ ಆಯಿ."

"ಹೊಲ ನಿಂದು ಅಂತಿ, ದುಡಿಯೋರ ಹೆಸರು ಗೊತ್ತಿಲ್ಲ?"

ಮುತ್ಯಾ ನನಗೆ ಮಾತ್ರ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು: ಮ್ಯಾನೇಜರನ ಹಳೆಯ ಪತ್ರಗಳನ್ನು ಓದಿದ್ದೇನೆ, ಸತ್ತ ಕುದುರೆಯ ಹೆಸರು ಅದರಲ್ಲಿದೆ, ಸತ್ತ ಮನುಷ್ಯರ ಹೆಸರಿಲ್ಲ.

ಆಯಿಗೆ ಇದೇನೂ ಹೊಸದಾಗಿ ಕಾಣಲಿಲ್ಲ. "ನಮ್ಮ ಜಾಗೀರದಾರನೂ ಹಂಗಽ ಇದ್ದ ತಮ್ಮಾ. ಹೈದರಾಬಾದಿನಾಗ ಕೂತಿದ್ದ. ನಮ್ಮ ಮಾವ ಅವನ ಹೊಲ ಪಾಲಿಗೆ ಮಾಡತಿದ್ದ. ಒಂದ್ ದಿನಾನೂ ಮಾರಿ ತೋರ್ಸಲಿಲ್ಲ ಪುಣ್ಯಾತ್ಮ. ಕಾಯ್ದೆ ಬಂತು, ಹೊಲ ನಮ್ಮದಾತು. ನಮ್ಮ ಮಾವ ಸಾಯೋ ತನಕ ಅಂತಿದ್ದ, ಅವ ಒಮ್ಮಿ ಬಂದಿದ್ರ ಜಗಳಾರ ಆಡತಿದ್ದೆ ಅಂತ."

ಆ ಸಂಜೆ ಹುಮನಾಬಾದಿಗೆ ಮರಳಿದ ಮೇಲೆ ಮುತ್ಯಾ ತಮ್ಮ ತಗಡಿನ ಪೆಟ್ಟಿಗೆ ತೆರೆದು ನನಗೆ ಕಾಗದ ತೋರಿಸಿದರು. ಎಸ್ಟೇಟು ಹಾಳುಬಿದ್ದು ಬಹಳ ಕಾಲವಾಗಿದೆ. ದುಡಿದವರ ಮಕ್ಕಳು ಮೊಮ್ಮಕ್ಕಳು ಮೂವತ್ತು ಮನೆಯವರು ಅಲ್ಲೇ ಇದ್ದು ಭತ್ತ, ಕಾಯಿಪಲ್ಯ ಬೆಳೆಯುತ್ತಾರೆ. ಆದರೆ ನೆಲ ಕಾಗದದಲ್ಲಿ ಈಗಲೂ ಇವರದು. ಅದನ್ನು ತಮ್ಮ ಹೆಸರಿಗೆ ಬಿಟ್ಟುಕೊಡಿ ಎಂದು ಆ ಜನ ಬರೆಯುತ್ತ ಬಂದಿದ್ದಾರೆ. ವಕೀಲರು ಬಿಟ್ಟುಕೊಡುವ ಪತ್ರ ತಯಾರಿಸಿ ಕಳಿಸಿದ್ದಾರೆ. ಮೂರು ಚಳಿಗಾಲದಿಂದ ಅದು ಈ ಪೆಟ್ಟಿಗೆಯಲ್ಲಿದೆ, ಸಹಿ ಇಲ್ಲದೆ. ಇವರಿಗೆ ಮಕ್ಕಳಿಲ್ಲ. ಇವರು ತೀರಿಕೊಂಡರೆ ಅದೆಲ್ಲ ಅಕ್ಕನ ಮಗನಿಗೆ ಹೋಗುತ್ತದೆ. ಅವನು ಆಗಲೇ ಒಂದು ಮರದ ಕಂಪನಿಯ ಜೊತೆ ಮಾತು ಮುಗಿಸಿಟ್ಟಿದ್ದಾನೆ. ಆ ಮೂವತ್ತು ಮನೆಯವರು ಜಾಗ ಖಾಲಿ ಮಾಡಬೇಕು.

"ಹಂಗಿದ್ರ ಸಹಿ ಮಾಡ್ರಲ್ಲ! ತಡ ಯಾಕ?" ಎಂದೆ, ಜೋರಾಗಿಯೇ.

ಅವರು ಹೇಳಿದ್ದು ಇಷ್ಟು. ನಮ್ಮ ಮನೆಯಲ್ಲಿ ಎಲ್ಲವನ್ನೂ ದೂರದಿಂದ ಸಹಿ ಹಾಕಿಯೇ ಮಾಡಿದರು. ಜನರನ್ನು ಕೊಂಡದ್ದು, ಮಾರಿದ್ದು, ಮಗುವಿನಿಂದ ತಾಯಿಯನ್ನು ಬೇರೆ ಕಳಿಸಿದ್ದು, ಎಲ್ಲ ಒಂದು ಮೇಜಿನ ಮೇಲೆ. ಇದನ್ನೂ ಹಾಗೆಯೇ ಮಾಡಲಾರೆ. ಹೋಗಬೇಕು, ಅವರೆದುರು ನಿಂತು ಕೊಡಬೇಕು. ಆದರೆ ಹೋಗಲು ಹೆದರಿಕೆ. ನನ್ನ ಅಡ್ಡಹೆಸರೇ ಆ ಊರಿನ ಹೆಸರು.

ಒಳ್ಳೆಯ ಮನುಷ್ಯನ ಹಠವೂ ಹೇಡಿತನವೂ ಹೀಗೆ ಒಂದರೊಳಗೊಂದು ಸೇರಿಕೊಂಡರೆ ಬಿಡಿಸುವುದು ಕಷ್ಟ. ಮುಂದಿನ ವರ್ಷ ಖಂಡಿತ ಎಂದರು. ಎಪ್ಪತ್ತು ದಾಟಿದವರು.

ಇನ್ನು ಆ ಸಂಜೆ.

ಎಳ್ಳಮಾವಾಸ್ಯೆ ಕಳೆದು ಒಂದು ತಿಂಗಳಾಗಿತ್ತು. ಸಿದ್ರಾಮನ ಕಬ್ಬು ಕಡಿಯಲು ಟೋಳಿ ಬಂದಿತ್ತು. ಒಳಗೆ ರವದಿ, ಅಂದರೆ ಒಣಗಿದ ಎಲೆಯ ಸಿಪ್ಪೆ, ಮೊಣಕಾಲುದ್ದ ಬಿದ್ದಿದೆ, ಹಾವಿನ ಭಯ, ಸುಟ್ಟು ಕೊಟ್ಟರೆ ಮಾತ್ರ ಕಡಿಯುತ್ತೇವೆ ಎಂದರು ಟೋಳಿಯವರು. ಆಯಿ ಬೇಡವೆಂದಳು. ಸಿದ್ರಾಮನಿಗೆ ಬೇರೆ ದಾರಿ ಇರಲಿಲ್ಲ. ಸುಟ್ಟ ಕಬ್ಬನ್ನು ತಡಮಾಡದೆ ಅರೆಯಬೇಕು, ಇಲ್ಲದಿದ್ದರೆ ರಸ ಕೆಡುತ್ತದೆ. ಅದಕ್ಕೆ ವ್ಯವಸ್ಥೆ ಮಾಡಿಸಿ ನಾನೂ ರಜೆ ಹಾಕಿ ಬಂದಿದ್ದೆ. ಮುತ್ಯಾ ನನ್ನ ಜೊತೆಯಲ್ಲೇ ಬಂದರು. ಸಂಜೆ ಗಾಳಿ ಬಿದ್ದ ಮೇಲೆ ಬೆಂಕಿ ಹಚ್ಚುವುದೆಂದು ಮಾತಾಗಿತ್ತು. ಅದನ್ನು ಅವರಿಗೆ ಹೇಳಬೇಕಾದವಳು ನಾನು. ಹೇಳಲಿಲ್ಲ. ಟೋಳಿಯ ಮುಖಂಡ, ಮುಕ್ಕಾದಮನ ಜೊತೆ ಮಾತಿನಲ್ಲಿದ್ದೆ.

ಕಬ್ಬಿಗೆ ಬೆಂಕಿ ಇಡುವುದಕ್ಕೂ ನಮ್ಮಲ್ಲಿ ಒಂದು ರೀತಿ ಇದೆ. ಮೊದಲು ತಾಟು ಬಡಿಯುತ್ತ ಹೊಲದ ಸುತ್ತ ಬರಬೇಕು, ಒಳಗಿನ ಮೊಲ, ಹಂದಿ, ಹಾವು ಎಚ್ಚರಾಗಲೆಂದು. ಒಂದು ಮಗ್ಗುಲನ್ನು ಹಚ್ಚದೆ ಬಿಡಬೇಕು, ಅವು ಹೊರಗೆ ಹೋಗಲೆಂದು. ಸಿದ್ರಾಮ ಹಳ್ಳದ ಕಡೆಯ ಮಗ್ಗುಲನ್ನು ಬಿಟ್ಟಿದ್ದ. ಕೊನೆಗೆ ಹಚ್ಚುವವನು ನಿಂತು ಮೂರು ಸಲ, "ಒಳಗ ಯಾರದೀರಿ?" ಎಂದು ಕೂಗಬೇಕು. ಅದಕ್ಕೆ ಉತ್ತರವನ್ನು ಅವನೇ ಕೊಡಬಾರದು. ಇನ್ನೊಬ್ಬರು, ಸುತ್ತ ನೋಡಿದವರು ಕೊಡಬೇಕು.

ಸಿದ್ರಾಮ ಕೂಗಿದ. ನಾನು ಬದುವಿನ ಮೇಲೆ ನೋಡಿದೆ. ಬೂಟು ಇರಲಿಲ್ಲ. ತಿರುಗಿ ಗುಡಿಸಲಿನ ಕಡೆ ನೋಡಿದೆ. ಬಾಗಿಲ ಬಳಿ, ನೆರಳಿನಲ್ಲಿ, ಎರಡು ಬೂಟು ಜೋಡಿಯಾಗಿ ನಿಂತಿದ್ದವು. ಮುತ್ಯಾ ಒಳಗೆ ಮಲಗಿದ್ದಾರೆ ಎಂದುಕೊಂಡೆ.

"ಯಾರಿಲ್ಲ. ಹಚ್ಚೋ" ಎಂದೆ.

ಒಣ ರವದಿಗೆ ಬೆಂಕಿ ಹತ್ತುವುದನ್ನು ನೋಡದವರಿಗೆ ಅದರ ವೇಗ ಹೇಳಿ ತಿಳಿಸುವುದು ಕಷ್ಟ. ಮೊದಲು ಒಂದು ಉಸಿರೆಳೆದ ಸದ್ದು. ಆಮೇಲೆ ಪಟಾಕಿ ಸರ ಹಚ್ಚಿದಂತೆ ಕಬ್ಬಿನ ಗಣ್ಣುಗಳು ಸಿಡಿಯತೊಡಗುತ್ತವೆ. ಮೂರು ಮಗ್ಗುಲಲ್ಲೂ ಬೆಂಕಿ ಎದ್ದು ನಿಂತಿತು. ಅಷ್ಟರಲ್ಲಿ ಆಯಿ ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ನನ್ನ ಪಕ್ಕಕ್ಕೆ ಬಂದಳು.

"ತಮ್ಮ ಎಲ್ಲಿ? ಚಾ ಆರಾಕತ್ತದ."

"ಗುಡಸಲದಾಗ ಇಲ್ಲೇನು ಆಯಿ?"

"ಅಲ್ಲಿ ಬೂಟಷ್ಟೇ ಅದಾವ. ಟ್ರ್ಯಾಕ್ಟರ್ ತುಳೀತದಂತ ಬದುವಿನ ಮ್ಯಾಲಿಂದ ನಾನಽ ತಂದಿಟ್ಟೀನಿ."

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಬೆಂಕಿಯ ಒಳಗಿನಿಂದ ಬಂದ ದನಿ. ತಾಟಿನ ಸದ್ದು ಕೇಳದ ಕಿವಿ ಅದು. ಹೊಗೆ ಮೂಗಿಗೆ ಬಂದಾಗಷ್ಟೇ ಎಚ್ಚರವಾಗಿರಬೇಕು. "ಒಳಗ ಅದೀನ್ರಿ! ಒಳಗ ಅದೀನ್ರಿ!" ಸುಡುತ್ತಿರುವ ಕಬ್ಬಿನ ನಡುವೆ ಒಬ್ಬ ಮನುಷ್ಯ 'ರಿ' ಹಚ್ಚಿ ಕೂಗುತ್ತಿದ್ದಾನೆ. ಸಿದ್ರಾಮ ನುಗ್ಗಿದ. ಟೋಳಿಯ ನಾಲ್ವರು ಅವನನ್ನು ಹಿಡಿದು ಕೆಡವಿದರು. ನಾನು ಹಳ್ಳದ ಕಡೆ ಓಡಿದೆ. ಬೇರೇನು ಮಾಡಬೇಕೋ ತಿಳಿಯದೆ ಓಡಿದೆ.

ಮೊದಲು ಮೊಲಗಳು ಬಂದವು. ಒಂದು, ಆಮೇಲೆ ಎರಡು. ಒಂದು ನರಿ ನನ್ನ ಕಾಲಿಗೆ ತಾಗಿಕೊಂಡೇ ಹೋಯಿತು. ಹೆಣ್ಣು ಹಂದಿ, ಹಿಂದೆ ಅದರ ಮರಿಗಳು. ಆಮೇಲೆ ಏನೂ ಬರಲಿಲ್ಲ. ಆ 'ಏನೂ ಬರಲಿಲ್ಲ' ಎಂಬಷ್ಟು ಹೊತ್ತೇ ನನಗೆ ಈಗಲೂ ನಿದ್ದೆ ಕೆಡಿಸುತ್ತದೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ನಾಚಿಕೆಗೇಡಿನ ಮಾತಲ್ಲ, ಆದರೆ ವಿಚಿತ್ರವಾದ ಮಾತು: ಪೆಟ್ಟಿಗೆಯಲ್ಲಿ ಸಹಿ ಇಲ್ಲದ ಕಾಗದ. ನಾನೆಂದೂ ಕಾಣದ ಊರಿನ ಮೂವತ್ತು ಮನೆಗಳು. ಎರಡು ಶಬ್ದದಲ್ಲಿ ಎಷ್ಟು ಜನರನ್ನು ಬೀದಿಗೆ ಹಾಕಿದೆ ನಾನು!

ಹಂದಿಮರಿಗಳು ಹೋದ ದಾರಿಯಲ್ಲೇ ಅವರು ಬಂದರು. ಬರಿಗಾಲು, ಅರ್ಧ ಸುಟ್ಟ ಅಂಗಿ, ಹುಬ್ಬಿಲ್ಲದ ಮುಖ. ಬಿದ್ದಾಗ ಊರಿದ ಬಲಗೈಯನ್ನು ತಮ್ಮದಲ್ಲದ ವಸ್ತುವಿನಂತೆ ಮೇಲೆತ್ತಿ ಹಿಡಿದಿದ್ದರು. ಹಳ್ಳದ ನೀರಿನಲ್ಲಿ ಕುಸಿದು ಕೂತರು. ಓಡಿ ಬಂದ ಸಿದ್ರಾಮನನ್ನು ನೋಡಿ ಹೇಳಿದ ಮೊದಲ ಮಾತು:

"ಇವತ್ತ ಕೇಳದಽ ಒಳಗ ಹೋದೆನ್ರಿ. ಮಾಫ್ ಮಾಡ್ರಿ."

ಸಿದ್ರಾಮ ಅವರ ಕಾಲು ಹಿಡಿದು ಅಳತೊಡಗಿದ. ನಾನು ನಿಂತೇ ಇದ್ದೆ.

ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿದರು. ಅಂಗಾಲಿಗೂ ಕಟ್ಟಿದರು. ಆಯಿ ಹೊರಗೆ ಬೆಂಚಿನ ಮೇಲೆ ಕೂತು, ಬೂಟು ತಂದಿಟ್ಟವಳು ನಾನು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಒಳಗೆ ಹೋಗಿ ಅವರ ಮಂಚದ ಬಳಿ ನಿಂತೆ. "ಯಾರಿಲ್ಲ ಅಂದಾಕಿ ನಾನು" ಎಂದೆ.

"ನೀವು ಒಂದ್ ಸಲ ಅಂದೀರಿ" ಎಂದರು. "ನಮ್ಮ ಮನಿಯಾಗ ಎಲ್ಲಾರೂ ಅದಽ ಅಂದಾರ್ರಿ. ಅಲ್ಲಿ ಯಾರಿಲ್ಲ, ಬರೇ ಕಬ್ಬು ಅದ ಅಂತ."

ಸಮಾಧಾನಕ್ಕೆ ಹೇಳಿದರೋ, ನಿಜಕ್ಕೂ ಆಗ ಅವರಿಗೆ ಹೊಳೆದದ್ದೇ ಅದೋ ತಿಳಿಯದು. ನನಗೆ ಸಮಾಧಾನವಾಗಲಿಲ್ಲ. ಆದರೆ ಅವರು ಮರುದಿನವೇ ಹುಮನಾಬಾದಿಗೆ ಹೋಗಬೇಕು, ನೋಟರಿ ಬೇಕು ಎಂದು ಹಠ ಹಿಡಿದರು. ಸತ್ತಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಅವರಿಗೂ ಆ ಬೆಂಕಿಯೊಳಗೇ ಆಗಿತ್ತು.

ಹುಮನಾಬಾದಿನ ನೋಟರಿ ನಮ್ಮ ಪರಿಚಯದವರು, ಬಾಯಿ ಬಿಗಿಹಿಡಿದವರಲ್ಲ. ಬಲಗೈಯ ಪಟ್ಟಿ ನೋಡಿ, ಎಡಗೈಯಲ್ಲಿ ಸಹಿ ಬಾರದೆಂದು ತಿಳಿದು, ಇಂಕಿನ ಪ್ಯಾಡು ಮುಂದೆ ತಳ್ಳಿದರು. "ಇಷ್ಟು ದೊಡ್ಡ ಇಂಜಿನಿಯರ್ ಸಾಹೇಬ್ರು, ಕಡೀಕ ಅಂಗೂಠಾ ಛಾಪ್ ಆದ್ರಿ ನೋಡ್ರಿ!"

ಜೊತೆಗೆ ಬಂದಿದ್ದ ಆಯಿ ಸಿಡುಕಿದಳು. "ನಾನೂ ಅಂಗೂಠಾ ಛಾಪೇ ಇದ್ದೀನಿ. ಏನ್ ಕಡಿಮಿ ಆಗ್ಯಾದ ನನಗ?"

"ಇಲ್ಲಾಯಿ, ಚಾಷ್ಟಿ ಮಾಡಿದೆ."

ನೋಟರಿಯ ಗುಮಾಸ್ತ ಯಾವುದೋ ಹಳೆಯ ಪ್ರಮಾಣಪತ್ರದ ಮೇಲೆಯೇ ಬಿಟ್ಟುಕೊಡುವ ಪತ್ರದ ಜೊತೆ ಲಗತ್ತಿಸಲು ಹೊಸದನ್ನು ಟೈಪು ಮಾಡಿದ್ದ. ಓದಿ ನೋಡಿದರೆ ಮುತ್ಯಾನ ಹೆಸರಿನ ಮುಂದೆ 'ಉದ್ಯೋಗ: ಒಕ್ಕಲುತನ' ಎಂದು ಉಳಿದುಬಿಟ್ಟಿತ್ತು. ತಿದ್ದಿಸುತ್ತೇನೆ ಎಂದೆ. ಅದರ ಅರ್ಥ ಕೇಳಿ ತಿಳಿದುಕೊಂಡು ಮುತ್ಯಾ ಆ ಸಂಜೆಯ ನಂತರ ಮೊದಲ ಸಲ ನಕ್ಕರು. ಹುಬ್ಬಿಲ್ಲದ ಮುಖದ ನಗೆ. ಇರಲಿ ಬಿಡಿ, ನಮ್ಮ ವಂಶದಲ್ಲಿ ಆ ಕೆಲಸ ಯಾರೂ ಮಾಡಿಲ್ಲ ಎಂದರು. ನಾನು ಬಿಡಲಿಲ್ಲ, ತಿದ್ದಿಸಿದೆ. ಎಡಗೈ ಹೆಬ್ಬೆರಳು ಒತ್ತಿದರು. ಸಾಕ್ಷಿಗೆ ನಾನೂ ಸಿದ್ರಾಮನೂ ಸಹಿ ಹಾಕಿದೆವು.

ಹದಿನೈದು ದಿನಕ್ಕೆ ಸುರಿನಾಮಿನ ವಕೀಲರ ಉತ್ತರ ಬಂತು. ಹೆಬ್ಬೆಟ್ಟಿನ ಕಾಗದ ನಡೆಯುವುದಿಲ್ಲ. ಸಹಿ ಬೇಕು, ಕೈ ಆಗದಿದ್ದರೆ ಸ್ವತಃ ಬಂದು ಅಲ್ಲಿನ ಅಧಿಕಾರಿಯ ಎದುರು ನಿಂತು ಹೇಳಬೇಕು.

ಮುತ್ಯಾ ಉತ್ತರವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಮೋರಖಂಡಿಗೆ ಹೊರಟರು. ಕಬ್ಬು ಕಡಿದು ಹೋದ ಹೊಲ ಕಪ್ಪಾಗಿ ಬಿದ್ದಿತ್ತು. ನಾನು ಗಾಡಿಯಿಂದ ಇಳಿಯಲಿಲ್ಲ, ಇಳಿಯಲಾಗಲಿಲ್ಲ. ಕಿಟಕಿಯಿಂದಲೇ ಮುತ್ಯಾ ಮತ್ತು ಆಯಿಯ ಮಾತು ಕೇಳಿದೆ. ಕೈ ವಾಸಿಯಾಗಲಿ, ಆಮೇಲೆ ಇಲ್ಲಿಂದಲೇ ಸಹಿ ಮಾಡಿದರಾಯಿತೇನೋ ಎಂದು ಅವರು ಮತ್ತೆ ಎಳೆಯುತ್ತಿದ್ದರು. ಅಲ್ಲಿ ಹೋದರೆ ಬೈಯುತ್ತಾರೆ ಎಂದರು.

"ಬೈತಾರ" ಎಂದಳು ಆಯಿ. "ಬೈಸ್ಕೋ. ಎಷ್ಟ್ ದಿನದಿಂದ ಹೊಟ್ಯಾಗ ಇಟ್ಕೊಂಡಾರ, ಯಾರಿಗರೆ ಬೈಬೇಕಲ್ಲ ಅವರು? ಒಮ್ಮಿ ಮಾರಿ ತೋರ್ಸಿ ಬಾ ತಮ್ಮಾ."

ಅದೇ ತಿಂಗಳು ಹೋದರು. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಹೈದರಾಬಾದಿನ ಬಸ್ಸಿಗೆ ಹತ್ತಿಸಿದೆವು. ಪಟ್ಟಿ ಕಟ್ಟಿದ ಕೈಯನ್ನು ಕಿಟಕಿಯ ಹೊರಗೆ ಹಾಕಿದ್ದರು. ಕಂಡಕ್ಟರ್ ಬೈದು ಒಳಗೆ ಹಾಕಿಸಿದ.

ಅಲ್ಲಿಂದ ಎಡಗೈಯಲ್ಲಿ ಒತ್ತಿದ ಚಿಕ್ಕ ಚಿಕ್ಕ ಸಂದೇಶಗಳು ಬರುತ್ತಿದ್ದವು. ಮೊದಲನೆಯದು: "ಎರಡು ತಾಸು ಬೈದರು. ಆಮೇಲೆ ಅನ್ನ ಹಾಕಿದರು." ನೆಲ ಮೂವತ್ತು ಮನೆಗಳ ಹೆಸರಿಗಾಯಿತು. ಆಯಿಗೆ ಓದಿ ಹೇಳಿದೆ. ಅವಳು ಕೇಳಿದ್ದು, "ಅನ್ನಕ್ಕ ಏನ್ ಹಾಕಿದ್ರಂತ?" ಅಕ್ಕನ ಮಗ ಮಾತು ಬಿಟ್ಟನಂತೆ. ಇವರು ವಾಪಸು ಬರಲಿಲ್ಲ. ಆ ಊರವರು ತಮ್ಮ ತಮ್ಮಲ್ಲಿ ಮಾತಾಡಿ, ಹಂಚಿಕೆಯಲ್ಲಿ ಉಳಿದ ಒಂದು ಸಣ್ಣ ತುಂಡನ್ನು ಇವರ ಹೆಸರಿಗೆ ಬರೆದುಕೊಟ್ಟರು. ಎರಡು ಕೋಣೆಯ ಮನೆ, ಹಿತ್ತಲು. ಇಡೀ ಎಸ್ಟೇಟಿನ ಮಾಲಕ ಮೂವತ್ತೊಂದನೆಯ ಮನೆಯವನಾದ.

ಹೋದ ತಿಂಗಳು ಫೋನ್ ಮಾಡಿದವಳು ಪಕ್ಕದ ಮನೆಯ ಹೆಂಗಸು. ಅವಳ ಅಜ್ಜಿಯರ ಕಾಲದ ಹಿಂದಿ ಮತ್ತು ನನ್ನ ಬೀದರಿನ ಹಿಂದಿ, ಎರಡೂ ತಡವರಿಸುತ್ತ ಒಂದಕ್ಕೊಂದು ದಾರಿ ಮಾಡಿಕೊಂಡವು. ಮೊದಲ ದಿನ ಎರಡು ತಾಸು ಬೈದವಳು ತಾನೇ ಎಂದು ಅವಳೇ ಹೇಳಿದಳು. ನಿದ್ದೆಯಲ್ಲಿ ಹೋದರು, ನಮ್ಮವರ ಪಕ್ಕದಲ್ಲೇ ಮಣ್ಣು ಮಾಡಿದೆವು ಎಂದಳು. ಆಮೇಲೆ ಅಳುವುದನ್ನು ನಿಲ್ಲಿಸಿ ಇನ್ನೊಂದು ಮಾತು ತೆಗೆದಳು. ಆ ಹಿತ್ತಲು ಈಗ ಕಾಗದದ ಪ್ರಕಾರ ಅವರ ಅಕ್ಕನ ಮಗನದು. ಬಂದು ನೋಡಿಕೊಂಡು ಹೋಗಿ ಎಂದು ಅವನಿಗೆ ಬರೆದಿದ್ದಾರೆ. ಉತ್ತರವಿಲ್ಲ. ಅವನು ಬರುವವರೆಗೆ ನೀರು ತಾವೇ ಹಾಕುತ್ತಿದ್ದಾರೆ. ಮುತ್ಯಾ ಬದನೆ ನೆಟ್ಟಿದ್ದರು, ಹೂವಾಗಿದೆ, ಆದರೆ ಎಲೆಗೆ ಹುಳ ಬಿದ್ದಿದೆ. ನಿಮ್ಮ ಅಜ್ಜಿ ಒಬ್ಬರು ಇದ್ದಾರಂತಲ್ಲ, ಏನಾದರೂ ಹೇಳುತ್ತಾರೆಯೇ?

ನಾನು ಆಯಿಗೆ ಎಲ್ಲ ಹೇಳಿದೆ. ಸಾವಿನ ಸುದ್ದಿ ಕೇಳಿ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಮುಚ್ಚಿದ ಸೆರಗಿನ ಒಳಗಿನಿಂದಲೇ ಕೇಳಿದಳು:

"ಆ ಹುಡುಗ ಬರ್ತಾನ?"

"ಗೊತ್ತಿಲ್ಲ ಆಯಿ."

"ಬಂದಾಗ ಗಿಡ ಇರಬೇಕಲ್ಲ. ಬೂದಿ ಹಾಕು ಅನ್ನು. ಮುಂಜಾನಿ, ಎಲಿ ಮ್ಯಾಲ ಇಬ್ಬನಿ ಇದ್ದಾಗ."

ಫೋನ್ ಮಾಡಿದೆ. ಒಲೆಯ ಕಟ್ಟಿಗೆಯ ಬೂದಿ ಆಗುತ್ತದೆಯೇ ಎಂದು ಆ ಹೆಂಗಸು ಕೇಳಿದಳು. ಆಗುತ್ತದೆ, ಜರಡಿ ಹಿಡಿಯಿರಿ ಎಂದೆ. ಬಿಸಿ ಇರಬಾರದು ಎಂದೆ. ಪೂರ್ತಿ ಆರಿದೆಯೋ ಇಲ್ಲವೋ ಕೈಯಿಟ್ಟು ನೋಡಿ, ಒಳಗೆಲ್ಲೂ ಕೆಂಡ ಉಳಿದಿಲ್ಲವಷ್ಟೇ ಎಂದು ಇನ್ನೊಮ್ಮೆ ನೋಡಿ ಎಂದೆ.

"ಅಷ್ಟು ನಮಗೂ ಗೊತ್ತು, ಬಹನ್" ಎಂದು ಅವಳು ನಕ್ಕಳು.

ಗೊತ್ತಿರಬಹುದು. ನಾನು ಮತ್ತೊಮ್ಮೆ ಹೇಳಿದೆ.